ಅಣವೀರಪ್ಪ ಮಾಸ್ತರರ ಸುವರ್ಣಗಡ್ಡೆ ಮಡಿಗಳು

ಮುಂಬಯಿಯ ಕನ್ನಡ ಶಾಲೆಗಳಲ್ಲಿ ವಿಜ್ಞಾನ ಕಲಿಸಿದ ಹಿರಿಯರನ್ನು ನೆನೆಯುವಾಗ ಶ್ರೀ ಅಣವೀರಪ್ಪ ಮಾಸ್ತರರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಪಾಠದ ಜೊತೆಗೆ ಸುವರ್ಣಗಡ್ಡೆಯನ್ನೂ ಬೆಳೆದವರ ಸಾಲು ಮಾಡಿದರೆ ಮಾತ್ರ ಅದರಲ್ಲಿ ಅವರೊಬ್ಬರೇ ನಿಲ್ಲಬೇಕಾಗುತ್ತದೆ. ವಿಜಾಪುರದ ಕಡೆಯ, ಜೋಳ ಬಿಟ್ಟರೆ ಬೇರೆ ಬೆಳೆಯ ಮುಖ ಕಾಣದ ಮನೆತನದ ಈ ಮಹನೀಯರು ಮಲಾಡಿನ ಕಲ್ಲುಗುಡ್ಡದ ಬುಡದಲ್ಲಿ ಗಡ್ಡೆ ನೆಡಲು ಹೊರಟಾಗ ಶಾಲೆಯ ಕಮಿಟಿಗೆ ಕಮಿಟಿಯೇ ನಕ್ಕಿತ್ತು. ಈ ವರ್ಷ, ೧೯೭೮ರಲ್ಲಿ, ಅವರು ನಿವೃತ್ತರಾಗುವ ಹೊತ್ತಿಗೆ ಆ ಮಡಿಗಳ ಸುದ್ದಿ ಎತ್ತಿದರೆ ನಗುವವರು ಯಾರೂ ಉಳಿದಿಲ್ಲ.

ಶಾಲೆಯ ಹಿಂದಿನ ಜಾಗವೆಂದರೆ ಅರವತ್ತೆಂಟರ ಮಳೆಗಾಲದಲ್ಲಿ ಕಲ್ಲುಗಣಿಯ ದಂಡೆ ಕುಸಿದು ಹರಡಿದ ಕೆಂಪು ಮಣ್ಣು. ಗಣಿ ಕೂಲಿಗಳ ಮಕ್ಕಳು ಮಧ್ಯಾಹ್ನ ಬರೀ ನೀರು ಕುಡಿದು ಪಾಠಕ್ಕೆ ಕೂರುವುದನ್ನು ನೋಡಲಾರದೆ ಮಾಸ್ತರರು ಅಲ್ಲಿ ಗುದ್ದಲಿ ಹಿಡಿದರು. ಬೀಜದ ಗಡ್ಡೆಯನ್ನು ಉಡುಪಿಯ ಕಡೆಯಿಂದ ತರಿಸಿಕೊಟ್ಟವರು ಹೊಲಿಗೆ ಶಿಕ್ಷಕಿ ರಾಜೀವಿ. ಮೊದಲ ವರ್ಷ ಮುಂಬಯಿಯ ಮಳೆ ಎಲ್ಲವನ್ನೂ ಕೊಳೆಸಿತು. ಮರುವರ್ಷ ಮಡಿಗಳನ್ನು ಎತ್ತರಿಸಿ, ನೀರು ಬಸಿದು ಹೋಗಲು ದಾರಿ ಮಾಡಿದ ಮೇಲೆ ಗಡ್ಡೆಗಳು ಕೊಡದ ಗಾತ್ರಕ್ಕೆ ಬೆಳೆದವು. ಅಡುಗೆಯವಳು ಹುಣಸೆಹುಳಿಯಲ್ಲಿ ಕೈ ಬಿಗಿಹಿಡಿದ ಒಂದು ದಿನ ಇಡೀ ಶಾಲೆ ನಾಲಿಗೆ ತುರಿಸಿಕೊಂಡದ್ದನ್ನು ಬಿಟ್ಟರೆ ಮಕ್ಕಳು ಹೊಟ್ಟೆ ತುಂಬ ಉಂಡರು. ಎಪ್ಪತ್ತೆರಡರಲ್ಲಿ ಮಳೆಯೇ ಕೈಕೊಟ್ಟಿತು. ನಲ್ಲಿಗಳು ಒಣಗಿದವು, ರೇಷನ್ ಅಂಗಡಿಯ ಸಾಲು ಉದ್ದವಾಯಿತು. ಮಾಸ್ತರರು ಬಟ್ಟೆ ಒಗೆದ ನೀರನ್ನು ಚಾಳಿನಿಂದ ಹೊತ್ತು ತಂದು ಮಡಿಗೆ ಸುರಿದರು. ದೀಪಾವಳಿಗೆ ಕೆದಕಿ ನೋಡಿದರೆ ಗಡ್ಡೆಗಳು ಮುಷ್ಟಿಯಷ್ಟೇ ಇದ್ದವು. ಈಗ ಕಿತ್ತರೆ ಒಂದು ವಾರದ ಊಟಕ್ಕೂ ಸಾಲದು, ನೆಲದಲ್ಲೇ ಬಿಟ್ಟರೆ ಮುಂದಿನ ಮಳೆಗೆ ಬಲಿಯುತ್ತವೆ ಎಂದು ಒಣಹುಲ್ಲು ಹೊದಿಸಿ ಬಿಟ್ಟರು.

ಮುಂದಿನ ಮೇ ತಿಂಗಳಲ್ಲಿ ಆ ವಾಸನೆ ಎದ್ದಿತು.

ಮೊದಲು ಅದನ್ನು ಹೇಳಿದವಳು ಮಡಿಯ ಆಚೆಯ ಚಾಳಿನ ಕಾಶವ್ವ. ಅವಳ ಗಂಡ ಚಂದ್ರಾಮ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು, ದಂಡೆ ಕುಸಿದ ದಿನದಿಂದ ಕಾಣೆಯಾದವನು. ಅವನು ಆ ಹೊತ್ತು ಅಲ್ಲಿರಲೇ ಇಲ್ಲ, ಯಾವಳನ್ನೋ ಕಟ್ಟಿಕೊಂಡು ಕಲ್ಯಾಣದ ಕಡೆ ಓಡಿಹೋದ ಎಂದು ಗಣಿಯವರು ಹೇಳಿದರು, ಜನ ನಂಬಿದರು. ಕಾಶವ್ವ ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಬಿಟ್ಟು ಹೋದನೋ ಸತ್ತನೋ ತಿಳಿಯದೆ ಐದು ವರ್ಷ ಬಾಗಿಲಿಗೆ ಅಗಳಿ ಹಾಕದೆ ಮಲಗಿದಳು.

“ಮಾಸ್ತರ್ರ, ನಿಮ್ಮ ಮಡಿಯಾಗ ಹೆಣ ನಾರಾಕತ್ತೈತ್ರಿ,” ಎಂದಳು. ಮಾಸ್ತರರು ಹೋಗಿ ನೋಡಿದರು. ವಾಸನೆಯೂ ಇರಲಿಲ್ಲ, ನೊಣವೂ ಇರಲಿಲ್ಲ. ಮರುದಿನ ಮಧ್ಯಾಹ್ನ ನೆಲ ಸೀಳಿ, ಗೇಣಗಲದ ಕಂದು ಬಣ್ಣದ್ದೊಂದು, ಸುಕ್ಕುಗಟ್ಟಿದ ತಲೆಯ ಹಾಗೆ, ಮಣ್ಣಿನಿಂದ ಹೊರಬಂದಿತ್ತು. ಅದರ ಮೇಲೆ ನೊಣ ಮುತ್ತಿದ್ದವು, ಬೇಲಿಯ ಮೇಲೆ ಕಾಗೆಗಳು ಸದ್ದಿಲ್ಲದೆ ಕೂತಿದ್ದವು. ಕೊಳೆತ ಮಾಂಸದ ನಾತಕ್ಕೆ ತರಗತಿಗಳು ಖಾಲಿಯಾದವು. ಬಯಲುಸೀಮೆಯ ನಮ್ಮ ಜನ ಒಬ್ಬರೂ ಇಂಥದ್ದನ್ನು ಕಂಡವರಲ್ಲ. ಚಂದ್ರಾಮನೇ ಎದ್ದು ಬಂದನೆಂದು ಚಾಳಿಗೆ ಚಾಳೇ ಬಾಗಿಲು ಹಾಕಿಕೊಂಡಿತು.

ರಾಜೀವಿಯವರು ಮೂಗಿಗೆ ಸೆರಗು ಹಿಡಿದು ನಕ್ಕರು. “ಹೆಣವೂ ಇಲ್ಲ, ಭೂತವೂ ಇಲ್ಲ ಮಾಷ್ಟ್ರೇ. ಗಡ್ಡೆಯ ಹೂ ಅದು. ಕೀಳದೆ ಬಿಟ್ಟರೆ ಮಳೆಗೆ ಮೊದಲು ಹೀಗೇ ನಾರುದು. ಆದರೆ ಹೂ ಅರಳಿದ ಮೇಲೆಯೇ, ಮೊದಲಲ್ಲ.”

ಹಾಗಾದರೆ ಅರಳುವ ಹಿಂದಿನ ದಿನ ಕಾಶವ್ವನಿಗೆ ಬಂದದ್ದು ಯಾವ ವಾಸನೆ? ಮಾಸ್ತರರು ಕೇಳಬೇಕೆಂದು ಅವಳತ್ತ ತಿರುಗಿದರು. ಅಷ್ಟರಲ್ಲಿ ಅವಳು ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಆ ಹೂವಿನ ಮೇಲೆ ಅಂಗೈ ಇಟ್ಟಿದ್ದಳು.

“ಬೆಚ್ಚಗೈತ್ರಿ,” ಎಂದಳು. “ಹೂವು ಬೆಚ್ಚಗಿರ್ತಾವೇನ್ರಿ ಮಾಸ್ತರ್ರ?”

ಕೆಲವು ಹೂಗಳು ತಾವೇ ಶಾಖ ಹುಟ್ಟಿಸಿಕೊಳ್ಳುತ್ತವೆ ಎಂಬುದನ್ನು ಮಾಸ್ತರರು ಓದಿ ಬಲ್ಲರು. ತಾವೂ ಕೈಯಿಟ್ಟು ನೋಡಿದರು. ಜ್ವರ ಬಂದ ಮಗುವಿನ ನೆತ್ತಿಯಷ್ಟು ಬಿಸಿ. ಅವಳಿಗೆ ಬೇಕಾದದ್ದು ಪಾಠವಲ್ಲ, ಈ ಮಣ್ಣಿನಡಿಯಲ್ಲಿ ಏನಿದೆ ಎಂಬ ಒಂದು ಮಾತು ಎಂಬುದು ಅವರಿಗೆ ಆ ಕ್ಷಣ ಹೊಳೆಯಿತು.

ಅವರು ಗುದ್ದಲಿ ತರಿಸಿದರು. ಕಮಿಟಿಯ ಅಧ್ಯಕ್ಷರಾದ ಬಸವಂತರಾಯರು ಓಡೋಡಿ ಬಂದು, “ಏನ್ ಮಾಡಾಕ್ಹತ್ತೀರಿ ಮಾಸ್ತರ? ಒಂದ್ ಮಳಿ ಆದ್ರ ಮಕ್ಕಳ ಊಟ ಆಗತೈತಿ. ಹೂವು ಅಂತ ಗೊತ್ತಾತಲ್ಲ!” ಎಂದು ಕೂಗಾಡಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. “ಮಕ್ಕಳಿಗೆ ಬ್ಯಾರೆ ಏನರ ನೋಡೂಣ್ರಿ,” ಎಂದಷ್ಟೇ ಹೇಳಿ ಮಾಸ್ತರರು ಅಂಗಿ ಕಳಚಿಟ್ಟು ಮಡಿಗೆ ಇಳಿದರು.

ಹೂವಿನ ಬುಡದಲ್ಲಿ ಮುರುಟಿದ ಗಡ್ಡೆಯೊಂದು ಬಿಟ್ಟರೆ ಏನೂ ಇರಲಿಲ್ಲ. ಕಾಶವ್ವ ಎದ್ದು ಹೋಗಲಿಲ್ಲ, ಮಾಸ್ತರರೂ ನಿಲ್ಲಿಸಲಿಲ್ಲ. ಮೂರು ವರ್ಷ ಬಸಿದು ಬೆಳೆಸಿದ ಮಡಿಗಳನ್ನು ಸಾಲು ಸಾಲಾಗಿ ಒಡೆದರು. ಗುದ್ದಲಿ ತಾಗಿ ಗಡ್ಡೆಗಳು ಹೋಳಾದವು, ಬಿಸಿಲಿಗೆ ಬಿದ್ದವು. ಗುಡ್ಡದ ಕಡೆಯ ಕೊನೆಯ ಮೂಲೆಯಲ್ಲಿ ಒಂದು ಗಡ್ಡೆ ಎಳೆದರೂ ಬರಲೊಲ್ಲದು. ಬಲವಾಗಿ ಎತ್ತಿದಾಗ ಅದರ ಹೊಟ್ಟೆಯೊಳಗೆ ಲೋಹದ್ದೇನೋ ಕಂಡಿತು. ಮಣ್ಣಿನಲ್ಲಿದ್ದ ವಸ್ತುವನ್ನು ಗಡ್ಡೆ ಬೆಳೆಯುತ್ತ ಬೆಳೆಯುತ್ತ ತಬ್ಬಿಕೊಂಡಿತ್ತು. ಬಿಡಿಸಿ ನೋಡಿದರೆ ಕಪ್ಪಿಟ್ಟ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ.

ಕಾಶವ್ವ ಅದರ ಮುಚ್ಚಳದ ಮೇಲೆ ಬೆರಳಾಡಿಸಿದಳು. ಮದುವೆಯಲ್ಲಿ ಅವಳ ಅಪ್ಪ ಚಂದ್ರಾಮನಿಗೆ ಕೊಟ್ಟದ್ದು. ಲಿಂಗ ಕಟ್ಟಿದವನು ಜೀವವಿರುವ ತನಕ ಅದನ್ನು ಕೊರಳಿಂದ ಇಳಿಸುವುದಿಲ್ಲ. ಅಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಸವಂತರಾಯರು ಟೊಪ್ಪಿಗೆ ತೆಗೆದರು. ಮಾಸ್ತರರು ಮತ್ತೆ ಗುದ್ದಲಿ ಎತ್ತಿದಾಗ ಅವಳು ಕೈ ಅಡ್ಡ ಹಿಡಿದಳು. “ಸಾಕ್ರಿ. ಅವ್ರ ಮಲಗಲಿ,” ಎಂದಳು. ಸೂರ್ಯ ಮುಳುಗುವ ಮೊದಲೇ ವಿಭೂತಿ, ಪತ್ರಿ ತರಿಸಿ, ಕರಡಿಗೆಯನ್ನು ಅದೇ ಮೂಲೆಯಲ್ಲಿಟ್ಟು ಮಣ್ಣು ಕೊಟ್ಟರು. ಅವಳು ಬಳೆಗಳನ್ನು ತಾನೇ ಒಡೆದುಕೊಂಡಳು.

ಆ ವರ್ಷ ಮಕ್ಕಳಿಗೆ ಗಡ್ಡೆಯ ಊಟ ಸಿಗಲಿಲ್ಲ. ಮಾಸ್ತರರು ಮನೆಮನೆ ತಿರುಗಿ ಹಿಟ್ಟು ಬೇಡಿ ತಂದು ಅಂಬಲಿ ಕಾಯಿಸಿದರು. ಮಳೆ ಬಂದ ಮೇಲೆ ಹೋಳಾದ ಗಡ್ಡೆಗಳನ್ನೇ ಸಗಣಿಯಲ್ಲಿ ಅದ್ದಿ ಮತ್ತೆ ನೆಟ್ಟರು, ಮುಂದೆ ಎಂದೂ ದೀಪಾವಳಿ ಮೀರಿ ನೆಲದಲ್ಲಿ ಬಿಡಲಿಲ್ಲ. ಆದರೂ ಯಾರೂ ನೆಡದ ಆ ಮೂಲೆಯಲ್ಲಿ ಪ್ರತಿ ವರ್ಷ ಮಳೆಗೆ ಮೊದಲು ಒಂದು ಹೂ ಬರುತ್ತದೆ. ಚೂರೊಂದು ಒಳಗುಳಿದಿರಬೇಕು ಎನ್ನುತ್ತಾರೆ ಮಾಸ್ತರರು. ಹೂವಿನ ಶಾಖದ ಬಗ್ಗೆ ಈಗ ಅವರು ತರಗತಿಯಲ್ಲಿ ಸೊಗಸಾಗಿ ಪಾಠ ಮಾಡುತ್ತಾರೆ, ಆದರೆ ಆ ಹೂವಿನ ಮೇಲೆ ಕೈಯಿಡಲು ಯಾರಿಗೂ ಬಿಡುವುದಿಲ್ಲ, ತಾವೂ ಇಡುವುದಿಲ್ಲ.

ಇಂಥ ಗುರುಗಳಿಗೆ ಆಯುರಾರೋಗ್ಯ ಕೂಡಿಬರಲಿ, ಅವರ ಕೈಯ ಗುದ್ದಲಿಗೆ ಬಿಡುವು ಸಿಗದಿರಲಿ, ಇನ್ನೂ ಹಲವು ಮಳೆಗಾಲ ಈ ಮಡಿಗಳ ನಡುವೆ ಅವರು ಓಡಾಡಲಿ ಎಂಬುದು ನಮ್ಮೆಲ್ಲರ ಹಾರೈಕೆ. ಈ ಅಭಿನಂದನ ಸಂಪುಟಕ್ಕೆ ನಾಲ್ಕು ಮಾತು ಹೇಳೆಂದು ಕಾಶವ್ವನನ್ನು ಕೇಳಿದೆವು. ಅವಳು ಹೇಳಿದ್ದಿಷ್ಟು: “ಮಾಸ್ತರ್ರು ನನ್ನ ಮುತ್ತೈದಿತನ ತಕ್ಕೊಂಡ್ರು, ನಿದ್ದಿ ಕೊಟ್ರು. ಆವತ್ತಿಂದ ನಾ ಅಗಳಿ ಹಾಕ್ಕೊಂಡ ಮಲಗ್ತೀನಿ. ಅವ್ರು ನೂರ ವರ್ಷ ಬಾಳ್ಲಿ.”