ಛೀಥೂ ಮೇಸ್ತ್ರಿ ಕೊಂಡ ಹಳೇ ಮಿಷನ್ನು

ಆ ಬೀದಿಯಲ್ಲಿ ಅವನಿಗೆ ಛೀಥೂ ಮೇಸ್ತ್ರಿ ಎಂಬ ಹೆಸರು ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಮರಗೆಲಸದವನು. ಬಾಯಿ ತೆರೆದರೆ ಮೊದಲು ಛೀ, ಆಮೇಲೆ ಥೂ, ಮಾತು ಅದರ ಹಿಂದಿನಿಂದ. ಬೇರೆಯವರು ಮಾಡಿದ ಬಾಗಿಲನ್ನು ಕಂಡರೆ ಛೀ. ಕೂಡುಗೆಲಸ ಬಾರದೆ ಮೊಳೆ ಹೊಡೆದು ಮುಗಿಸುವವರನ್ನು ಕಂಡರೆ ಥೂ. ಮದುವೆಯಾದ ಹೊಸದರಲ್ಲಿ ಹೆಂಡತಿ ತಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನು ಇವತ್ತಿನವರೆಗೂ ಕೂತಿಲ್ಲ, ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತಿರುತ್ತದೆ. ಕೆಲಸಗೇಡಿಯಾಗಿದ್ದರೆ ಜನ ಬೈದು ಸುಮ್ಮನಾಗುತ್ತಿದ್ದರು. ಆದರೆ ಅವನ ಕೆಲಸದಲ್ಲಿ ಹುಳುಕು ಹುಡುಕಲು ಹೋದವರೆಲ್ಲ ಬರಿಗೈಯಲ್ಲಿ ವಾಪಸು ಬಂದಿದ್ದರು. ಹಾಗಾಗಿ ಅವನ ಬಾಯನ್ನು ಸಹಿಸಿಕೊಳ್ಳುವುದು ಬಿಟ್ಟರೆ ಬೀದಿಗೆ ಬೇರೆ ದಾರಿ ಇರಲಿಲ್ಲ.

ಅರವತ್ತೊಂದನೆಯ ವಯಸ್ಸಿನಲ್ಲಿ ಅವನ ಬಲಗೈ ಹೆಬ್ಬೆರಳಿನ ಬುಡ ಹೋಯಿತು. ನಲವತ್ತು ವರ್ಷ ಮರ ಕೀಸುವ ಉಜ್ಜುಗೊರಡು ತಳ್ಳಿದ ಬೆರಳು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೀಲು ಸವೆದು ಮೂಳೆಗೆ ಮೂಳೆ ತಾಗುತ್ತಿದೆ, ಉಳಿ ಸುತ್ತಿಗೆ ಆದರೂ ನಡೆದೀತು, ಮರ ಕೀಸುವುದನ್ನು ಮಾತ್ರ ಮರೆತುಬಿಡಿ ಎಂದರು. ಮೇಸ್ತ್ರಿ ಮನೆಗೆ ಬಂದು ಮೊದಲು ಡಾಕ್ಟರ ಮೇಜನ್ನು ಬೈದ. ಒಂದು ಕಾಲು ಗಿಡ್ಡವಂತೆ, ಅದರ ಕೆಳಗೆ ಮಡಿಸಿದ ಕಾಗದ ಇಟ್ಟಿದ್ದರಂತೆ.

ಸುದ್ದಿ ಕೇಳಿ ಹೆಂಡತಿಯ ತಮ್ಮ ಅವತ್ತೇ ಸಂಜೆ ಬಂದ. ಅವನದು ಪ್ಲೈವುಡ್ ಅಂಗಡಿ.

"ಭಾವ, ನಮ್ಮ ಅಂಗಡಿಗೆ ಬಂದ್ಬಿಡಿ. ಫ್ಯಾನ್ ಕೆಳಗೆ ಕೂತು ಗಿರಾಕಿಗಳಿಗೆ ಸ್ಯಾಂಪಲ್ ತೋರ್ಸಿದ್ರೆ ಸಾಕು."

"ಅಂಟಲ್ಲಿ ಅದ್ದಿದ ರದ್ದಿಗೆ ಮರದ ಚಿತ್ರ ಅಂಟ್ಸಿ ಮಾರ್ತೀಯ. ಅದನ್ನ ಚೆನ್ನಾಗಿದೆ ಅಂತ ನನ್ನ ಬಾಯಲ್ಲಿ ಹೇಳಿಸ್ತೀಯಾ?"

"ಬೇಡ ಅಂದ್ರೆ ಬೇಡ. ಕೈಲಾಗದ ದಿನ ಬನ್ನಿ, ಕುರ್ಚಿ ಖಾಲಿ ಇರುತ್ತೆ," ಎಂದು ಬಾಮೈದ ಚಹಾ ಕುಡಿದು ಎದ್ದ. ಒಳ್ಳೆಯ ಮಾತೇ. ಆದರೆ ಆ ಖಾಲಿ ಕುರ್ಚಿ ಮೇಸ್ತ್ರಿಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಅವನು ಗ್ರಂಥಾಲಯಕ್ಕೆ ಇಪ್ಪತ್ತನಾಲ್ಕು ಕುರ್ಚಿ ಮಾಡಿಕೊಡಲು ಒಪ್ಪಿಕೊಂಡಾಗಿತ್ತು. ಗಟ್ಟಿ ಮರ, ಎರಡು ತಿಂಗಳ ಗಡುವು. ಅದು ಆದರೆ ಶೆಡ್ಡು ಉಳಿಯುತ್ತದೆ. ಆಗದಿದ್ದರೆ ಶೆಡ್ಡಿಗೆ ಬೀಗ, ಇವನು ಫ್ಯಾನಿನ ಕೆಳಗೆ. ಇದು ಅವನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಹಾಗಾಗಿಯೇ ಹುಟ್ಟಾ ಮಿಷನ್‌ದ್ವೇಷಿಯಾದ ಮನುಷ್ಯ ಮಿಷನ್ ಕೊಂಡ. ಮುಚ್ಚಿಹೋದ ತರಬೇತಿ ಶಾಲೆಯೊಂದರಿಂದ ಗುಜರಿಯವನು ಎತ್ತಿಕೊಂಡು ಬಂದಿದ್ದ ಹಳೇ ಮಾಲು. ಒಂದೇ ಮೋಟಾರು, ಒಂದೇ ಬೀಡುಕಬ್ಬಿಣದ ಮೈ, ಅದರಲ್ಲಿ ಐದು ಕೆಲಸ: ಕೊಯ್ಯುವುದು, ಕೀಸುವುದು, ಹಲಗೆಯನ್ನು ಒಂದೇ ದಪ್ಪಕ್ಕೆ ತರುವುದು, ಅಂಚಿಗೆ ಗೀರು ಹಾಕುವುದು, ಕಿಂಡಿ ಕೊರೆಯುವುದು. ಬೆಲ್ಟನ್ನು ಒಂದರಿಂದ ಒಂದಕ್ಕೆ ಬದಲಾಯಿಸುತ್ತ ಹೋಗಬೇಕು. ನಾಲ್ಕು ಜನ ಸೇರಿ ಅದನ್ನು ಶೆಡ್ಡಿಗೆ ತಳ್ಳಿದರು. ಮೈತುಂಬ ಹೊಸ ಹಸಿರು ಪೇಂಟು, ಮುಟ್ಟಿದರೆ ಇನ್ನೂ ಅಂಟುತ್ತಿತ್ತು.

ಹಳೇ ಮಿಷನ್ ಕೊಳ್ಳುವವರು ತಿಳಿದಿರಬೇಕಾದ ಮೊದಲ ಮಾತೆಂದರೆ, ಹೊಸ ಪೇಂಟಿನಷ್ಟು ಹೊಲಸು ಇನ್ನೊಂದಿಲ್ಲ. ಮೇಸ್ತ್ರಿ ಸೀಮೆಎಣ್ಣೆ, ಚಿಂದಿ, ತಂತಿಯ ಬ್ರಷ್ಷು ಹಿಡಿದು ಕೂತ. ಪೇಂಟಿನ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಹಿಂದಿನವನು ಬಳಿದಿದ್ದ ಪೇಂಟು. ಬೇರಿಂಗಿನಲ್ಲಿ ಗ್ರೀಸು ಗಟ್ಟಿಯಾಗಿ ಕರೀ ಮೇಣವಾಗಿತ್ತು, ಅದರೊಳಗೆ ಯಾರದೋ ತಲೆಗೂದಲು. ಮೋಟಾರಿನ ಹೊಟ್ಟೆಯಲ್ಲಿ ಇಲಿಯ ಗೂಡು, ಒಣಗಿ ಚಪ್ಪಟೆಯಾದ ಮರಿಗಳು ಇನ್ನೂ ಅದರೊಳಗೇ ಇದ್ದವು. ಮೇಜಿನ ಅಡಿಯಲ್ಲಿ ಸಾಲಾಗಿ ಹನ್ನೊಂದು ಚೂಯಿಂಗ್ ಗಮ್ಮು, ಒಂದರಲ್ಲಿ ಹಲ್ಲಿನ ಗುರುತು ಕೂಡ ಇತ್ತು. ಪ್ರತಿಯೊಂದಕ್ಕೂ ಒಂದೊಂದು ಛೀ ಹೇಳುತ್ತ ಅವನು ಉಳಿಯಿಂದ ಕೆರೆದು ಹಾಕಿದ. ಸಂಜೆಗೆ ಅವನಿಗೆ ಊಟ ಸೇರಲಿಲ್ಲ.

ಹೆಂಡತಿ ಶೆಡ್ಡಿನ ಬಾಗಿಲಿಗೆ ಬಂದು, ಮೂಗು ಮುಚ್ಚಿಕೊಂಡು ನಿಂತಳು. ಅವಳು ಇಪ್ಪತ್ತೆಂಟು ವರ್ಷ ನೂಲಿನ ಗಿರಣಿಯಲ್ಲಿ, ನೂಲನ್ನು ಉರುಳೆಗೆ ಸುತ್ತುವ ಮಿಷನ್ನಿನ ಮುಂದೆ ನಿಂತವಳು. ಎರಡು ವರ್ಷದ ಕೆಳಗೆ ನಿವೃತ್ತಿಯಾದ ದಿನ, ಗಿರಣಿಯ ಬಟ್ಟೆಯನ್ನು ಬೀದಿಯ ತೊಟ್ಟಿಗೆ ಹಾಕಿ, ಎರಡು ಸಲ ತಲೆ ತೊಳೆದುಕೊಂಡು, ಇನ್ನು ಸಾಯುವವರೆಗೆ ಮಿಷನ್ ಎಣ್ಣೆಯ ವಾಸನೆ ನನ್ನ ಹತ್ತಿರ ಸುಳಿಯಬಾರದು ಎಂದಿದ್ದಳು. ಮೇಸ್ತ್ರಿಯ ಲೆಕ್ಕದಲ್ಲಿ ಅವಳ ಗಿರಣಿ ಕೆಲಸಕ್ಕೆ ಇದ್ದದ್ದು ಒಂದೇ ಹೆಸರು, ಗುಂಡಿ ಒತ್ತುವ ಕೆಲಸ. ನಾಲ್ಕು ಜನರ ಮುಂದೆಯೂ ಹಾಗೇ ಹೇಳಿದ್ದ. ಅವಳು ನಕ್ಕು ಒಳಗೆ ಹೋಗುತ್ತಿದ್ದಳು.

ಈಗ ಅವಳು ಮೂಗು ಬಿಡದೆಯೇ ಮಿಷನ್ನಿನ ಒಂದು ಕಡೆ ಬೆರಳು ತೋರಿಸಿದಳು. "ಅಲ್ಲಿ ನಾಲ್ಕು ಕಡೆ ಪುಟ್ಟಿ ತುಂಬಿದ್ದಾನೆ ನೋಡಿ. ಬೋಲ್ಟಿನ ತೂತು ಅವು. ಬ್ಲೇಡಿನ ಮೇಲೆ ಮುಚ್ಚಳ ಇತ್ತು, ಕಳ್ದ್ಹೋಗಿದೆ. ಅದು ಗೊತ್ತಾಗ್ಬಾರ್ದು ಅಂತ ತೂತು ಮುಚ್ಚಿದ್ದಾನೆ."

ಮೇಸ್ತ್ರಿ ಉಗುರಿನಿಂದ ಕೆರೆದ. ಪುಟ್ಟಿ ಉದುರಿತು, ಒಳಗೆ ಬೋಲ್ಟು ತಿರುಗುವ ಸುರುಳಿ ಗೆರೆ ಕಾಣಿಸಿತು. ಗುಜರಿಯವನ ವಂಶವನ್ನೆಲ್ಲ ಬೈದು ಮುಗಿಸಿ, "ಮುಚ್ಚಳ ಇಲ್ದಿದ್ರೆ ಏನಂತೆ, ನನ್ನ ಕೈಗೆ ಕಣ್ಣಿದೆ," ಎಂದ.

ಮಿಷನ್ ತಿರುಗಲಿಲ್ಲ. ತಿರುಗಿತು ಎನ್ನುವಷ್ಟರಲ್ಲಿ ಬೆಲ್ಟು ಜಾರಿ ಬೀಳುತ್ತಿತ್ತು. ಬಿಗಿ ಮಾಡಿದ, ಬಿತ್ತು. ಸಡಿಲ ಮಾಡಿದ, ಬಿತ್ತು. ಹಿಡಿತ ಬರಲೆಂದು ರಾಳದ ಪುಡಿ ಉದುರಿಸಿದ, ಆಗ ಬೆಲ್ಟು ಬೀಳುವ ಮೊದಲು ಅವನ ಮುಖಕ್ಕೆ ಆ ಪುಡಿಯನ್ನೆಲ್ಲ ಎರಚಿ ಬಿತ್ತು. ನಾಲ್ಕು ದಿನ ಹೀಗೇ ಹೋಯಿತು. ಕುರ್ಚಿಯ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ಐದನೆಯ ದಿನ ಹೆಂಡತಿ ಒಂದು ದಾರದುಂಡೆ ಹಿಡಿದು ಒಳಗೆ ಬಂದಳು. ದಾರವನ್ನು ಮೋಟಾರಿನ ಚಕ್ರದಿಂದ ಮಿಷನ್ನಿನ ಚಕ್ರಕ್ಕೆ, ಎರಡರ ಮುಖಕ್ಕೂ ತಾಗಿಸಿ ಬಿಗಿಯಾಗಿ ಎಳೆದಳು. ಒಂದು ಚಕ್ರಕ್ಕೆ ದಾರ ಎರಡೂ ಅಂಚಿನಲ್ಲಿ ತಾಗಿತು, ಇನ್ನೊಂದಕ್ಕೆ ಒಂದೇ ಅಂಚಿನಲ್ಲಿ.

"ಮೋಟಾರು ವಾರೆ ಕೂತಿದೆ. ಹಿಂದಿನ ಬೋಲ್ಟ್ ಸಡಿಲ ಮಾಡಿ ಕಾಲಿಂಚು ಈಚೆಗೆ ತಗೊಳ್ಳಿ."

"ನಿಂಗೇನು ಗೊತ್ತು? ಇದು ಗುಂಡಿ ಒತ್ತೋ ಕೆಲಸ ಅಲ್ಲ."

ಅವಳು ದಾರದುಂಡೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಮೇಸ್ತ್ರಿ ಎದ್ದು ಬಾಗಿಲು ಮುಂದೆ ಮಾಡಿ, ಹಿಂದಿನ ಬೋಲ್ಟ್ ಸಡಿಲಿಸಿ, ಮೋಟಾರನ್ನು ಕಾಲಿಂಚು ಈಚೆಗೆ ಎಳೆದ. ಬೆಲ್ಟು ಕೂತಿತು. ಮಿಷನ್ ಗುಂಯ್ ಎಂದು ಓಡಿತು. ಊಟಕ್ಕೆ ಕೂತಾಗ, "ಅಂತೂ ದಾರಿಗೆ ತಂದೆ," ಎಂದನೇ ಹೊರತು ದಾರದ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಹಲಗೆ. ಈ ಮಿಷನ್ನಿನಲ್ಲಿ ಕೀಸುವ ರೀತಿಯೇ ಬೇರೆ. ಎರಡು ಮೇಜುಗಳ ನಡುವಿನ ಸಂದಿಯಲ್ಲಿ ಬ್ಲೇಡು ಕೂಡಿಸಿದ ಉರುಳೆ ತಿರುಗುತ್ತಿರುತ್ತದೆ, ಹಲಗೆಯನ್ನು ಅದರ ಮೇಲಿಂದ ತಳ್ಳಬೇಕು. ಮರ ಕೀಸಿಕೊಳ್ಳುವುದು ಕೆಳಗಿನ ಮೈಯಲ್ಲಿ. ಆದರೆ ಕೈಯಿಂದ ಕೀಸಿದವರಿಗೆ ಒಂದು ಅಭ್ಯಾಸ ಇರುತ್ತದೆ, ಉಜ್ಜುಗೊರಡು ಮುಂದೆ ಹೋದ ಹಾಗೆ ಎಡಗೈ ಹಿಂದೆಯೇ ಬಂದು ಹೊಸ ಮೈಯನ್ನು ಸವರುತ್ತದೆ. ಉಬ್ಬು ತಗ್ಗು ಹೇಳುವುದು ಕಣ್ಣಲ್ಲ, ಆ ಅಂಗೈ. ಮೇಸ್ತ್ರಿಯ ಅಂಗೈ ಇದನ್ನು ನಲವತ್ತು ವರ್ಷ ಅವನನ್ನು ಕೇಳದೆಯೇ ಮಾಡಿಕೊಂಡು ಬಂದಿತ್ತು.

ಅರ್ಧ ಹಲಗೆ ಹೋಯಿತು. ಸುರುಳಿಯಲ್ಲ, ಚೂರು ಚೂರಾಗಿ ಹೊಟ್ಟು ಹಾರುತ್ತಿತ್ತು, ಅದಕ್ಕೂ ಒಂದು ಛೀ ಎಂದ. ಹೊಸ ಮೈ ಹೇಗೆ ಬಂದಿದೆಯೋ ಎಂದು ಮನಸ್ಸಿಗೆ ಬಂದದ್ದೇ ತಡ, ಎಡಗೈ ತನ್ನ ಪಾಡಿಗೆ ಹಲಗೆಯ ಅಂಚು ದಾಟಿ, ಕೀಸಿದ ಮೈಯನ್ನು ಹುಡುಕಿಕೊಂಡು ಕೆಳಗೆ ಹೋಯಿತು.

ಟಿಕ್ ಎಂದು ಒಂದು ಸಣ್ಣ ಸದ್ದು. ಅಡುಗೆಮನೆಯಲ್ಲಿದ್ದ ಹೆಂಡತಿಯ ಕಿವಿಗೆ ಮಿಷನ್ನಿನ ಸದ್ದು ಬದಲಾದದ್ದು ಬಿತ್ತು. ಅವಳು ಬಂದು ಗೋಡೆಯ ಸ್ವಿಚ್ಚು ಆರಿಸುವವರೆಗೂ ಮೇಸ್ತ್ರಿ ಅಲ್ಲೇ ನಿಂತಿದ್ದ. ನಡುಬೆರಳ ಉಗುರಿನ ತುದಿ ಮಾತ್ರ ಹೋಗಿತ್ತು, ಉಗುರು ಕತ್ತರಿಸುವವರು ತೆಗೆಯುವಷ್ಟು. ಒಂದು ಹನಿ ರಕ್ತ ಇಲ್ಲ. ಬ್ಲೇಡು ಪೂರ್ತಿ ನಿಲ್ಲಲು ಇನ್ನೂ ಅರ್ಧ ನಿಮಿಷ ಹಿಡಿಯಿತು, ಅಷ್ಟೂ ಹೊತ್ತು ಅವನು ಅದನ್ನೇ ನೋಡಿದ. ಆಮೇಲೆ ಹೊರಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಅವನಿಗೆ ಹೇಸಿಗೆಯಾದದ್ದು ಮಿಷನ್ ಮೇಲಲ್ಲ, ತನ್ನ ಕೈಯ ಮೇಲೆ. ಬಲಗೈ ಮೊದಲೇ ಹೋಗಿತ್ತು. ಈಗ ಎಡಗೈ ಹೇಳಿದ ಮಾತು ಕೇಳುವುದಿಲ್ಲ. ಮಧ್ಯಾಹ್ನ ಮತ್ತೆ ಹಲಗೆ ಹಿಡಿದು ನಿಂತ. ಕೈಯನ್ನೇ ನೋಡುತ್ತ ತಳ್ಳಿದ, ಒಂದು ಮೊಳ ಹೋಗುವಷ್ಟರಲ್ಲಿ ಅದು ಮತ್ತೆ ಅಂಚಿನ ಕಡೆಗೆ ಸರಿಯಿತು. ತಾನೇ ಸ್ವಿಚ್ಚು ಆರಿಸಿದ. ಬೀಗ ಎಲ್ಲಿಟ್ಟಿದ್ದೇನೆ ಎಂದು ಕಪಾಟು ತಡಕಾಡುತ್ತಿದ್ದಾಗ ಹೆಂಡತಿ ಒಳಗೆ ಬಂದಳು. ಕೂದಲನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಂಡಿದ್ದಳು, ಬಳೆ ತೆಗೆದಿಟ್ಟಿದ್ದಳು.

"ನೀವು ಆ ಕಡೆ ನಿಂತು ಹಲಗೆ ಹಿಡೀರಿ. ನಾನು ತಳ್ತೀನಿ."

"ಮಿಷನ್ ಎಣ್ಣೆ ಹತ್ರ ಸುಳಿಯಲ್ಲ ಅಂದಿದ್ದೆ."

"ಅಂದಿದ್ದೆ. ವಾಸನೆ ತಾನೆ, ತೊಳ್ಕೊಂಡ್ರೆ ಹೋಗುತ್ತೆ. ಬೆರಳು ಹೋದ್ರೆ ಬರಲ್ಲ."

ಮೊದಲು ಅವಳು ಮುಚ್ಚಳ ಮಾಡಿಸಿದಳು. ಅಳತೆ ಅವಳದು, ಮರ ಕೊಯ್ದು ಕೂಡಿಸಿದ್ದು ಅವನು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಹಲಗೆ ಪೂರ್ತಿ ಆಚೆ ಬರುವವರೆಗೆ ಗೆರೆ ದಾಟಬೇಡಿ ಎಂದಳು. ಅಂಗಳದಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದಳು. ಮೇಸ್ತ್ರಿ ಗೆರೆಯ ಹಿಂದೆ ನಿಂತ.

ಅಲ್ಲಿಂದ ಅವನು ಅವಳನ್ನು ನೋಡಿದ. ಅವಳು ಹಲಗೆಯ ನೇರಕ್ಕೆ ಯಾವತ್ತೂ ನಿಲ್ಲುತ್ತಿರಲಿಲ್ಲ, ಒಂದು ಹೆಜ್ಜೆ ಪಕ್ಕಕ್ಕೆ. ಕೊನೆಯ ಗೇಣನ್ನು ಕೈಯಿಂದ ತಳ್ಳುತ್ತಿರಲಿಲ್ಲ, ಕೋಲಿನಿಂದ ತಳ್ಳುತ್ತಿದ್ದಳು. ಗಂಟು ಬರುವ ಮೊದಲೇ ಸದ್ದು ಕೇಳಿ ನಿಧಾನ ಮಾಡುತ್ತಿದ್ದಳು. ಬ್ಲೇಡಿನ ಕಡೆಗೆ ನೋಡುತ್ತಲೂ ಇರಲಿಲ್ಲ, ಆದರೂ ಕೈ ಎಲ್ಲಿರಬೇಕೋ ಅಲ್ಲೇ ಇರುತ್ತಿತ್ತು. ಮೇಸ್ತ್ರಿ ಬಂದ ಹಲಗೆಯನ್ನು ಮಗುಚಿ ಅಂಗೈಯಿಂದ ಸವರಿ, "ಅಲೆ ಅಲೆ ಇದೆ, ಥೂ," ಎಂದರೆ ಅವಳು ಮಿಷನ್ ನಿಲ್ಲಿಸಿ, ನೇರವಾದ ಕಡ್ಡಿಯೊಂದನ್ನು ಮೇಜಿನ ಮೇಲಿಟ್ಟು, ಉರುಳೆಯನ್ನು ಮೆಲ್ಲಗೆ ಹಿಂದೆ ಮುಂದೆ ತಿರುಗಿಸುತ್ತಿದ್ದಳು. ಪ್ರತಿ ಬ್ಲೇಡೂ ಕಡ್ಡಿಯನ್ನು ಒಂದಿಷ್ಟು ಎಳೆಯುತ್ತದೆ. ಎಲ್ಲ ಬ್ಲೇಡೂ ಒಂದೇ ದೂರ ಎಳೆಯುವವರೆಗೆ ಬಿಗಿ ಸಡಿಲ ಮಾಡಿ, ಮತ್ತೆ ಶುರು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ನೋಡಿ ನೋಡಿ ತಾನೇ ಕಂಡುಕೊಂಡಳು.

ಗಡುವಿಗೆ ಮೂರು ದಿನ ಮೊದಲೇ ಇಪ್ಪತ್ತನಾಲ್ಕೂ ಕುರ್ಚಿ ಮುಗಿದವು. ಕಿಂಡಿಗಳಿಗೆ ಮರದ ತುದಿ ಕೂಡಿಸಿ ಹೊಳಪು ಕೊಟ್ಟದ್ದು ಮೇಸ್ತ್ರಿ. ಅವಳು ದಿನಾ ಸಂಜೆ ಎರಡು ಸಲ ತಲೆ ತೊಳೆಯುತ್ತಿದ್ದಳು, ಆದರೂ ಎಣ್ಣೆಯ ವಾಸನೆ ದಿಂಬಿನಲ್ಲಿತ್ತು.

ಗ್ರಂಥಾಲಯದ ಗುಮಾಸ್ತ ವ್ಯಾನ್ ತೆಗೆದುಕೊಂಡು ಬಂದ. ಒಂದೊಂದೇ ಕುರ್ಚಿಯ ಮೇಲೆ ಕೂತು ಎದ್ದು, ಕೂರುವ ಹಲಗೆಯನ್ನು ಸವರಿ ನೋಡಿದ.

"ಮಿಷನ್ ಹಾಕಿದ್ದೀರಿ ಅಂತ ಕೇಳಿ ಹೆದರಿದ್ದೆ ಮೇಸ್ತ್ರಿಗಳೇ. ಆದ್ರೆ ನಿಮ್ಮ ಕೈ ನಿಮ್ಮ ಕೈಯೇ. ಮಿಷನ್ ಇದ್ರೂ ಗೊತ್ತಾಗುತ್ತೆ."

ಮೇಸ್ತ್ರಿ, "ಹೆಂಗೋ ಆಯ್ತು ಬಿಡಿ," ಎಂದ. ಹಿಂದೆ ಹೆಂಡತಿ ಹೊಟ್ಟು ಗುಡಿಸುತ್ತಿದ್ದಳು. ಪೊರಕೆ ನಿಲ್ಲಲಿಲ್ಲ. ಕುರ್ಚಿಗಳನ್ನು ವ್ಯಾನಿಗೆ ಏರಿಸಿದರು, ಗುಮಾಸ್ತ ಕೈಮುಗಿದು ಹೊರಟ. ಮೇಸ್ತ್ರಿ ಬಾಗಿಲಲ್ಲಿ ನಿಂತೇ ಇದ್ದ. ಮೊಳೆ ಹೊಡೆಯುವವರು, ರದ್ದಿಗೆ ಮರದ ಚಿತ್ರ ಅಂಟಿಸುವವರು, ತೂತಿಗೆ ಪುಟ್ಟಿ ತುಂಬಿ ಪೇಂಟು ಬಳಿಯುವವರು, ಜೀವಮಾನವೆಲ್ಲ ಯಾರು ಯಾರನ್ನು ಕಂಡು ಉಗಿದಿದ್ದನೋ ಅವರೆಲ್ಲರಿಗಿಂತ ಕೊಳಕು ಕೆಲಸವನ್ನು ಈಗ ತಾನು ಮಾಡಿದ್ದ. ಅದೂ ಅವಳು ಕೇಳಿಸಿಕೊಳ್ಳುತ್ತಿದ್ದಾಗಲೇ. ವಾಂತಿ ಮಾಡಿಕೊಂಡ ದಿನವೂ ಅವನಿಗೆ ತನ್ನ ಮೇಲೆ ಇಷ್ಟು ಅಸಹ್ಯವಾಗಿರಲಿಲ್ಲ.

ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದ. ವ್ಯಾನ್ ತಿರುವಿನಲ್ಲಿ ದಾರಿ ಸಿಗದೆ ನಿಂತಿತ್ತು. ಕಿಟಕಿ ಹಿಡಿದುಕೊಂಡು, "ಆ ಕೈ ನಂದಲ್ಲ," ಎಂದ.

"ಏನಂದ್ರಿ?"

"ಮಿಷನ್ ನಡೆಸಿದ್ದು ನನ್ನ ಹೆಂಡ್ತಿ. ಹಲಗೆ ಎಲ್ಲಾ ಅವಳೇ ಕೀಸಿದ್ದು. ನಾನು ಈ ಕಡೆ ನಿಂತು ಹಿಡ್ಕೊಂಡೆ, ಅಷ್ಟೇ."

ಗುಮಾಸ್ತ ನಕ್ಕು ಅವನ ಭುಜ ತಟ್ಟಿದ. "ಮನೇಲಿ ನಮ್ಮೆಲ್ಲರ ಕಥೇನೂ ಅಷ್ಟೇ ಮೇಸ್ತ್ರಿಗಳೇ. ಅವರು ನಡೆಸೋದು, ನಾವು ಹಿಡ್ಕೊಳ್ಳೋದು." ವ್ಯಾನ್ ಹೋಯಿತು.

ಮೇಸ್ತ್ರಿ ಕಾಲಿನ ಧೂಳು ಕೊಡವಿಕೊಂಡು ವಾಪಸು ಬಂದ. ಹೆಂಡತಿ ಹೊಟ್ಟನ್ನು ಚೀಲಕ್ಕೆ ತುಂಬುತ್ತಿದ್ದಳು.

"ಬರಿಗಾಲಲ್ಲಿ ಎಲ್ಲಿಗೆ ಓಡಿದ್ರಿ?"

"ಮಿಷನ್ ನಡೆಸಿದ್ದು ನೀನು ಅಂತ ಹೇಳೋಕೆ. ಎಷ್ಟು ಹೇಳಿದ್ರೂ ನಂಬ್ಲಿಲ್ಲ ಆ ಮನುಷ್ಯ."

ಅವಳು ಚೀಲದ ಬಾಯಿ ಕಟ್ಟಿದಳು. "ಅವರಿಗೆ ಹೇಳಿ ಇನ್ನೂ ಐದು ನಿಮಿಷ ಆಗಿಲ್ಲ," ಎಂದಳು. "ನಿಮಗೆ ಮೂವತ್ತು ವರ್ಷ ಹಿಡೀತು."