ಜೊಂಡಿನ ಸಿಪ್ಪೆಯ ಚೀಲ

ಕೈರೋದ ಸಯ್ಯಿದಾ ಜೈನಬ್ ಕೇರಿಯಲ್ಲಿ ಅರ್ಧಕ್ಕರ್ಧ ಅಂಗಡಿಗಳ ಬೋರ್ಡು ಬರೆದವಳು ಇಬ್ತಿಹಾಲ್. ಕಟುಕನದು, ಕ್ಷೌರದವನದು, ಹಲ್ಲು ಕೀಳುವವನದು. ಒಂದರ ಮೂಲೆಯಲ್ಲೂ ಅವಳ ಹೆಸರಿಲ್ಲ. ಗುರು ಅಪ್ಪಣೆ ಕೊಡದೆ ಅಕ್ಷರಗಾರರು ಹೆಸರು ಹಾಕುವಂತಿಲ್ಲ, ಹಾಕಿದರೆ ಕಳ್ಳತನಕ್ಕೆ ಸಮ. ಅವಳಿಗೆ ನಲವತ್ತು ದಾಟಿತ್ತು, ಅವಳ ಗುರು ಉಸ್ತಾದ್ ಶರ್ನೂಬಿಗೆ ಎಂಬತ್ತು. ಮುದುಕ ಅಪ್ಪಣೆ ಕೊಡದೆ ಕಣ್ಣು ಮುಚ್ಚಿದರೆ ತನ್ನ ಕೈಬರಹ ಅನಾಥವೇ ಎಂಬುದು ಅವಳ ಚಿಂತೆ.

ಗಿರಣಿ ಕೆಲಸಗಾರನ ಮಗಳು ಅವಳು, ಹುಡುಗಿಯಾಗಿದ್ದಾಗಲೇ ಅವನ ಬಳಿ ಕಲಿಯಲು ಬಂದವಳು. ಮೊದಲ ವರ್ಷವಿಡೀ ಒಂದೇ ಅಕ್ಷರ, ನೆಟ್ಟಗೆ ನಿಲ್ಲಬೇಕಾದ ಅಲಿಫ್. “ನಿನ್ನ ಅಲಿಫ್ ಕುಡಿದು ಬಂದಂಗಿದೆಯಲ್ಲೇ!” ಎಂದು ಬೈಯುತ್ತಲೇ ಮುದುಕ ತನ್ನ ಬೇಯಿಸಿದ ಅವರೆಯ ತಟ್ಟೆಯನ್ನು ಅವಳತ್ತ ತಳ್ಳುತ್ತಿದ್ದ. ಎಲ್ಲವನ್ನೂ ಕಲಿಸಿದ, ಜೊಂಡಿನ ಲೇಖನಿಯ ಮೊನೆ ಕೊಯ್ಯುವಾಗ ಮಾತ್ರ ಬೆನ್ನು ತಿರುಗಿಸಿ ಕೂರುತ್ತಿದ್ದ. ಮೊನೆಯನ್ನು ಎಷ್ಟು ಓರೆಯಾಗಿ ಕೊಯ್ಯುತ್ತಾರೋ ಆ ಓರೆಯಲ್ಲೇ ಬರಹದ ಜೀವ. ಯಾರೂ ಯಾರಿಗೂ ತೋರಿಸುವುದಿಲ್ಲ. ಸಿಪ್ಪೆಯನ್ನು ಬಟ್ಟೆಚೀಲಕ್ಕೆ ತುಂಬುತ್ತಿದ್ದ. ಅಕ್ಷರಗಾರ ಸತ್ತಾಗ ಮೈ ತೊಳೆಯುವ ನೀರು ಅವನು ಕೂಡಿಟ್ಟ ಆ ಸಿಪ್ಪೆಯ ಉರಿಯಲ್ಲೇ ಕಾಯಬೇಕೆಂಬುದು ವಾಡಿಕೆ.

ಮುಂದೊಂದು ವರ್ಷ ಗಿರಣಿ ಮುಷ್ಕರದಲ್ಲಿ ಅವಳು ಬೀದಿಯಗಲದ ಬಟ್ಟೆಗಳ ಮೇಲೆ ಘೋಷಣೆ ಬರೆದಳು.

“ಪೊರಕೆ ಹಿಡಿದು ಬರೆಯೋಳಿಗೆ ಲೇಖನಿ ಯಾಕೆ?” ಎಂದು ಸಿಡುಕಿದ ಮುದುಕ.

“ಅಪ್ಪ ಗಿರಣಿ ಬಾಗಿಲಲ್ಲಿ ಲಾಠಿ ತಿಂತಿದ್ದಾನೆ ಉಸ್ತಾದ್. ನಾನಿಲ್ಲಿ ಅಲಿಫ್ ನೆಟ್ಟಗೆ ಮಾಡ್ತಾ ಕೂರಲಾ?”

ಮುದುಕ ತಿಂಗಳುಗಟ್ಟಲೆ ಮಾತು ಬಿಟ್ಟ. ಆಮೇಲೆ ಅವಳು ಅಪ್ಪಣೆ ಕೇಳಿದಾಗಲೆಲ್ಲ, “ಚಹಾ ಕುಡಿ” ಎನ್ನುತ್ತಿದ್ದ.

ಈ ಚಳಿಗಾಲ ಅವನ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಅವಳನ್ನು ಕರೆಸಿ, ಚಾಕುವನ್ನೂ ಜೊಂಡನ್ನೂ ಮುಂದಿಟ್ಟ. “ಕೊಯ್ಯಿ. ನನ್ನಿಂದ ಆಗ್ತಿಲ್ಲ.”

ಇಬ್ತಿಹಾಲ್ ಚಾಕು ಎತ್ತಿಕೊಂಡವಳೇ ಅಭ್ಯಾಸದಂತೆ ಬೆನ್ನು ತಿರುಗಿಸಿ ಕುಳಿತಳು.

“ಏಯ್, ನಂಗೇ ಬಚ್ಚಿಡ್ತೀಯೇನೇ?”

“ನಿಮ್ಮಿಂದ್ಲೇ ಕಲಿತಿದ್ದು.”

ಮುದುಕ ಕೆಮ್ಮು ಬರುವಷ್ಟು ನಕ್ಕ. ಲೇಖನಿಯನ್ನು ಮಸಿಯಲ್ಲದ್ದಿ ಅಲಿಫ್ ಎಳೆದ. ಕೈ ನಡುಗಿದರೂ ಮೊನೆ ಜಾರಲಿಲ್ಲ. ಮೊನೆಯನ್ನು ಬೆಳಕಿಗೆ ಹಿಡಿದ. “ಇದು ನನ್ನ ಓರೆ ಅಲ್ಲ.”

“ಅಲ್ಲ, ನಂದು. ಹೊರೆಗಟ್ಟಲೆ ಜೊಂಡು ಹಾಳು ಮಾಡಿ ಕಂಡ್ಕೊಂಡಿದ್ದು.”

 ಅವಳು ಬಿದ್ದ ಸಿಪ್ಪೆ ಬಳಿದು ಅವನ ಚೀಲಕ್ಕೆ ಹಾಕಹೋದಾಗ ಮುದುಕ ಕೈ ತಡೆದ.

“ನಿನ್ನ ಸಿಪ್ಪೆ ನನ್ನ ಹೆಣಕ್ಕೆ ಯಾಕೇ? ನಿಂದೊಂದು ಚೀಲ ಹೊಲ್ಕೋ. ಇನ್ಮೇಲೆ ಹೆಸರೂ ಹಾಕು. ಮುಷ್ಕರದ ಬಟ್ಟೆ ಮೇಲೆ ಮಾತ್ರ ಬೇಡ ಮಗಳೇ, ಪೊಲೀಸರಿಗೂ ಓದೋಕೆ ಬರುತ್ತೆ.”

ಸಿಪ್ಪೆಯನ್ನು ತಲೆವಸ್ತ್ರದ ಅಂಚಿಗೆ ಗಂಟು ಹಾಕಿಕೊಂಡು ಅವಳು ಸೀದಾ ಕಟುಕನ ಅಂಗಡಿಗೆ ಹೋಗಿ ಏಣಿ ಹತ್ತಿದಳು.

“ಯಾರ ಹೆಸರಕ್ಕ ಅದು, ನನ್ನ ಅಂಗಡಿ ಮೇಲೆ?” ಎಂದು ಕೆಳಗಿನಿಂದ ಕೂಗಿದ ಕಟುಕ.

“ನಂದು. ನೀನು ಕುರಿ ಕೊಯ್ಯಿ.”