ಮಾತೆಯ ಹೂವಿಗೆ ಹೋದವನು ಮರಳಿ ಬಂದ

ಈ ಪುಟ ಓದುವ ನನ್ನ ವಿಶ್ವಾಸದ ಬಂಧುಗಳೇ, ಕಳೆದ ವರ್ಷ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ನಡೆಯುತ್ತಿದ್ದಾಗ, ಒಂದು ಭಾನುವಾರ ಸಂಜೆ, ನಮ್ಮ ವಾಮಂಜೂರಿನ ರಸ್ತೆಯಲ್ಲಿ ನನ್ನ ಕಣ್ಣೆದುರೇ ಒಬ್ಬ ಮನುಷ್ಯನನ್ನು ಹೊಡೆದು ಸಾಯಿಸಲು ಜನ ಹೊರಟಿದ್ದರು. ಅವನನ್ನು ಆ ರಸ್ತೆಗೆ ಕಳುಹಿಸಿದವಳು ನಾನೇ. ಅವನ ಜೀವಕ್ಕಾಗಿ ನಾನು ಮಾಡಿದ ಪ್ರಾರ್ಥನೆಯನ್ನು ದೇವರು ಹೇಗೆ ಕೇಳಿದರು ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಲಿಲ್ಲಿ. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಕೆಲಸದಿಂದ ನಿವೃತ್ತಿಯಾದರೂ ನನ್ನ ಬಾಯಿಗೆ ಇನ್ನೂ ನಿವೃತ್ತಿಯಾಗಿಲ್ಲ ಎಂದು ಮಕ್ಕಳು ತಮಾಷೆ ಮಾಡುತ್ತಾರೆ. ನಿಜವೇ. ನಾನು ಒಮ್ಮೆ "ಏಯ್" ಎಂದರೆ ಇಡೀ ತರಗತಿ ತೆಪ್ಪಗಾಗುತ್ತಿತ್ತು.

ಆ ಮನುಷ್ಯನ ಹೆಸರು ಥಾಂಗ್. ಈಶಾನ್ಯ ಭಾರತದ ಒಂದು ಬೆಟ್ಟದೂರಿನವನು. ಅಲ್ಲಿ ಎರಡು ಜನಾಂಗಗಳ ನಡುವೆ ಗಲಭೆ ಎದ್ದಾಗ ಅವನ ಮನೆ ಸುಟ್ಟುಹೋಯಿತು, ತಮ್ಮ ತೀರಿಕೊಂಡ. ಹೆಂಡತಿ ಕಿಮ್ ಮತ್ತು ಪುಟ್ಟ ಮಗಳು ನೆಂಗ್ ಜೊತೆಗೆ ಶಿಬಿರದಿಂದ ಶಿಬಿರಕ್ಕೆ ಅಲೆದು, ಕೊನೆಗೆ ರೈಲು ಹತ್ತಿ ಮಂಗಳೂರಿಗೆ ಬಂದಿಳಿದಿದ್ದ. ಒಂದು ಭಾನುವಾರ ಪೂಜೆಯ ಕೊನೆಗೆ ಫಾದರ್, "ಇಂಥ ಒಂದು ಕುಟುಂಬಕ್ಕೆ ಯಾರ ಮನೆಯಲ್ಲಾದರೂ ಜಾಗ ಉಂಟಾ?" ಎಂದು ಕೇಳಿದರು. ನಮ್ಮ ಹಿತ್ತಿಲಲ್ಲಿ ಎರಡು ಕೋಣೆಯ ಔಟ್‌ಹೌಸ್ ಖಾಲಿ ಬಿದ್ದಿತ್ತು. ಹಿಂದೆಮುಂದೆ ನೋಡದೆ ಕೈ ಎತ್ತಿಬಿಟ್ಟೆ. ಮನೆಗೆ ಬಂದ ಮೇಲೆ, ಅಯ್ಯೋ ದೇವಾ, ಗುರುತು ಪರಿಚಯ ಇಲ್ಲದವರನ್ನು ಹೇಗೆ ಸುಧಾರಿಸುವುದು ಎಂದು ಹೆದರಿಕೆಯಾದದ್ದೂ ಹೌದು.

ಹೆದರುವಂಥದ್ದು ಏನೂ ಇರಲಿಲ್ಲ. ಥಾಂಗ್‌ನಿಗೆ ಬಂದರಿನ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು, ಕಿಮ್‌ಗೆ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕತ್ತರಿಸುವ ಕೆಲಸ. ಮಾತಾಡುವುದೇ ಕಡಿಮೆ. ನನ್ನ ಮುರುಕು ಹಿಂದಿಗೂ ಅವರ ಮುರುಕು ಹಿಂದಿಗೂ ಹೇಗೋ ಹೊಂದಿಕೊಂಡಿತು. ನೆಂಗ್ ಮಾತ್ರ ಒಂದೆರಡು ತಿಂಗಳಲ್ಲೇ "ಎಂತ ಆಂಟಿ, ತಿಂಡಿ ಉಂಟಾ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಲು ಕಲಿತಳು.

ಮೊಂತಿ ಹಬ್ಬಕ್ಕೆ ಮುಂಚಿನ ನೊವೆನಾ ದಿನಗಳಲ್ಲಿ ಮಕ್ಕಳು ಬುಟ್ಟಿ ಹಿಡಿದು ಊರೆಲ್ಲ ಸುತ್ತಿ ಹೂ ಕೊಯ್ದು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುವುದು ನಿಮಗೆಲ್ಲ ಗೊತ್ತೇ ಇದೆ. ಯಾರ ಅಂಗಳವಾದರೂ ಸರಿ, ಕೇಳಬೇಕೆಂದಿಲ್ಲ. ಹಿಂದೂಗಳ ಮನೆಯವರೂ "ಮಾತೆಗಲ್ವಾ, ಕೊಯ್ಯಿರಿ ಮಕ್ಳೇ" ಎನ್ನುತ್ತಾರೆ. ಎಷ್ಟೋ ಸಲ ಅವರ ಮಕ್ಕಳೂ ಜೊತೆಗೆ ಬರುತ್ತಾರೆ. ನೆಂಗ್‌ಳಿಗೂ ಹೂ ತೆಗೆದುಕೊಂಡು ಹೋಗುವ ಆಸೆ. ಆ ಭಾನುವಾರ ಥಾಂಗ್‌ನಿಗೆ ರಜೆ. ನಾನು ತೆಂಗಿನಕಾಯಿ ತುರಿಯುತ್ತಾ, "ನೀನೇ ಕರ್ಕೊಂಡು ಹೋಗು. ಯಾರ ಅಂಗಳದಲ್ಲಿ ಬೇಕಾದ್ರೂ ಕೊಯ್ಯಿ. ಇಲ್ಲಿ ಯಾರೂ ಎಂತದ್ದೂ ಹೇಳುವುದಿಲ್ಲ" ಎಂದೆ.

ಅವನು ಸ್ವಲ್ಪ ಅನುಮಾನಿಸಿದ. ಅವನದು ಬೇರೆ ಪಂಗಡದ ಕ್ರೈಸ್ತ ಸಭೆ. "ನಮ್ಮಲ್ಲಿ ಮರಿಯಮ್ಮನಿಗೆ ಹೂ ಹಾಕುವುದಿಲ್ಲ, ಆಂಟಿ" ಎಂದ. ಮಗಳು ಅಂಗಿಯ ತುದಿ ಹಿಡಿದು ಎಳೆದಳು. ನಕ್ಕು ಹೊರಟ.

ಊರಿನವರ ಮಕ್ಕಳಿಗೆ ಇರುವ ಸಲಿಗೆ ಹೊರಗಿನಿಂದ ಬಂದ ಗಂಡಸಿಗೆ ಇರುವುದಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಆ ವಾರವೇ ಎಲ್ಲರ ಮೊಬೈಲಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಓಡಾಡುತ್ತಿತ್ತು. ನನಗೂ ಬಂದಿತ್ತು. ಯಾವ ತಲೆಕೆಟ್ಟವ ಕಳಿಸಿದ್ದೋ ಎಂದು ಬೈದು ಸುಮ್ಮನಾಗಿದ್ದೆ.

ಮುಂದಿನದು ಆಮೇಲೆ ತಿಳಿದದ್ದು. ಪಕ್ಕದ ಬಾಡಿಗೆ ಮನೆಯ ಅಶ್ವಿನಿಯ ಮಗಳು ತನ್ವಿ, ನೆಂಗ್‌ಳ ಆಟದ ಜೊತೆಗಾತಿ, ತಾಯಿಗೆ ಹೇಳದೆ ಇವರ ಬೆನ್ನು ಹತ್ತಿದ್ದಳು. ಮಗು ಕಾಣದೆ ಅಶ್ವಿನಿ ಗಾಬರಿಯಿಂದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದಳು. ಅಷ್ಟರಲ್ಲಿ ಬಸ್ ಸ್ಟಾಪಿನ ಹತ್ತಿರ ಯಾರೋ ಕಂಡರು: ಮುಖಚರ್ಯೆಯೇ ಬೇರೆಯಾದ ಒಬ್ಬ ಗಂಡಸು, ಒಂದು ಕೈಯಲ್ಲಿ ತನ್ನ ಮಗು, ಇನ್ನೊಂದು ಕೈಯಲ್ಲಿ ಫೋಟೋದ ಮಗು. ಅಷ್ಟು ಸಾಕಾಯಿತು.

ಗಲಾಟೆ ಕೇಳಿ ನಾನು ಓಡಿದೆ. ಕೈಗೆ ಅಂಟಿದ್ದ ಕಾಯಿತುರಿ ಹಾಗೇ ಇತ್ತು. ಜನರ ನಡುವೆ ತೂರಿ ನೋಡಿದರೆ ಥಾಂಗ್ ನೆಲದ ಮೇಲೆ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಅಂಗಿ ಹರಿದಿತ್ತು. ನೆಂಗ್ ಅವನ ಕತ್ತಿಗೆ ಜೋತುಬಿದ್ದು ಕಿರುಚುತ್ತಿದ್ದಳು. ಅವನು ಕೈ ಮುಗಿದು ಹಿಂದಿಯಲ್ಲಿ "ಬೇಟಿ, ಫೂಲ್, ಚರ್ಚ್" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ತನ್ವಿಯನ್ನು ಯಾರೋ ಎತ್ತಿಕೊಂಡು, "ಚಾಕ್ಲೇಟ್ ಕೊಟ್ನಾ ಪುಟ್ಟಾ? ಬಾಯಿ ಮುಚ್ಚಿದ್ನಾ?" ಎಂದು ಕೇಳುತ್ತಿದ್ದರು. ಹೆದರಿದ ಮಗು ಎಲ್ಲದಕ್ಕೂ ತಲೆ ಆಡಿಸುತ್ತಿತ್ತು.

"ಬಿಡಿ ಅವನನ್ನು! ಅವ ನಮ್ಮ ಮನೆಯವ!" ಎಂದು ಕೂಗಿದೆ. ನನ್ನ ಸ್ವರ ಯಾರ ಕಿವಿಗೂ ಬೀಳಲಿಲ್ಲ. ಹೆಲ್ಮೆಟ್ ಹಿಡಿದಿದ್ದ ಒಬ್ಬ ಯುವಕ ಮಾತ್ರ ನನ್ನ ಕಡೆ ತಿರುಗಿ, "ನೀವೇ ಅಲ್ವಾ ಟೀಚರ್ ಎಲ್ಲಿಂದೆಲ್ಲಿಂದ ಜನ ತಂದು ಇಡುವುದು? ನಾಳೆ ನಮ್ಮ ಮಕ್ಕಳು ಹೋದ್ರೆ ನೀವು ತಂದು ಕೊಡ್ತೀರಾ?" ಎಂದ. "ಹೌದು, ಎಲ್ಲ ಇವರದ್ದೇ ಕೆಲಸ!" ಎಂದು ಹಿಂದಿನಿಂದ ಇನ್ನೊಬ್ಬ. ಯಾರೋ ನನ್ನ ರಟ್ಟೆ ಹಿಡಿದು ಆಚೆ ತಳ್ಳಿದರು. ಪೊಲೀಸರಿಗೆ ಫೋನು ಮಾಡಿದೆ. "ಗಾಡಿ ಕಳಿಸ್ತೇವೆ ಮೇಡಂ" ಎಂದರು. ಗಾಡಿ ಬರುವಾಗ ಇವನು ಉಳಿದಿರಬೇಕಲ್ಲ! ಮತ್ತೆ ಕೂಗಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಜೀವಮಾನವಿಡೀ ಬಾಯಿಯಿಂದಲೇ ಬದುಕಿದ ನನಗೆ ಆ ಗಳಿಗೆಯಲ್ಲಿ ಒಂದಕ್ಷರ ಬರಲಿಲ್ಲ.

ಬಸ್ ಸ್ಟಾಪಿನ ಕಂಬ ಹಿಡಿದು ನಿಂತೆ. ಪ್ರಾರ್ಥನೆಯ ಚಂದದ ಮಾತು ಒಂದೂ ನೆನಪಾಗಲಿಲ್ಲ. "ಸ್ವಾಮೀ, ಇವನ ಜೀವ ಉಳಿಸು. ನನ್ನ ಕೈಯಲ್ಲಿ ಆಗುವುದಿಲ್ಲ" ಎಂದಷ್ಟೇ ಮನಸ್ಸಿನಲ್ಲಿ ಹೇಳಿದೆ. ಹೆಲ್ಮೆಟ್ ಮತ್ತೆ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಅಷ್ಟು ಹೇಡಿಯಾಗಿದ್ದೆ ನಾನು.

"ಎಂತ ಮಾರಾಯ್ರೇ ಇದು? ಮನುಷ್ಯರಾ ನೀವು?"

ಕಣ್ಣು ಬಿಟ್ಟರೆ ಸರೋಜಕ್ಕ. ಬಸ್ ಸ್ಟಾಪಿನ ಎದುರು ಮನೆಯವರು, ಬಂಟ ಸಮುದಾಯದವರು. ಹಿಂದೆ ಗದ್ದೆ ಹಿಡುವಳಿ ಇದ್ದ ಮನೆತನ, ಈಗ ಮಗ ಹೋಟೆಲು ನಡೆಸುತ್ತಾನೆ. ಮಳೆನೀರಿನ ಮೋರಿಯ ವಿಷಯದಲ್ಲಿ ನಮ್ಮಿಬ್ಬರಿಗೆ ಜಗಳವಾಗಿ ಮಾತು ನಿಂತು ವರ್ಷಗಳಾಗಿದ್ದವು. ಎದುರಿಗೆ ಸಿಕ್ಕಿದರೆ ಅವರು ಆಚೆ ಮುಖ, ನಾನು ಈಚೆ ಮುಖ. ಆ ಸರೋಜಕ್ಕ ಮಿಂದ ತಲೆಗೆ ಬೈರಾಸು ಸುತ್ತಿಕೊಂಡು, ನೈಟಿಯಲ್ಲೇ, ಮಂಡಿನೋವಿನ ಕಾಲು ಎಳೆಯುತ್ತಾ ಜನರ ಮಧ್ಯಕ್ಕೆ ಬಂದರು. ಬಂದವರು ನಿಲ್ಲಲಿಲ್ಲ. ಥಾಂಗ್‌ನ ಪಕ್ಕದಲ್ಲಿ ರಸ್ತೆಯ ಮೇಲೆ ಕುಳಿತೇಬಿಟ್ಟರು.

"ಹೊಡಿ ಈಗ. ನನಗೂ ಸೇರಿಸಿ ಹೊಡಿ" ಎಂದರು.

"ಅಕ್ಕ, ನೀವು ಏಳಿ. ಇವ ಮಕ್ಕಳ ಕಳ್ಳ" ಎಂದ ಹೆಲ್ಮೆಟ್‌ನವನು.

"ಕಳ್ಳನಾ? ನನ್ನ ಗೇಟಿನ ಹೊರಗೆ ನಿಂತು, ಒಳಗೆ ಬರ್ಲಿಕ್ಕೂ ಹೆದರಿ, ಕೈಸನ್ನೆಯಲ್ಲಿ ಹೂ ಕೇಳಿದವ ಇವ. ಅಬ್ಬಲಿಗೆ, ದಾಸವಾಳ ನಾನೇ ಕೊಯ್ದು ಬುಟ್ಟಿಗೆ ಹಾಕಿದ್ದು. ಆ ಹುಡುಗಿ ಹಿಂದಿನಿಂದ ಓಡಿ ಬಂದದ್ದೂ ನೋಡಿದ್ದೇನೆ. ಮನೆಗೆ ಹೋಗು ಅಂತ ಇವನೇ ಅದಕ್ಕೆ ಕೈ ತೋರಿಸ್ತಿದ್ದ. ಅದು ಕೇಳ್ಬೇಕಲ್ಲ!" ಸರೋಜಕ್ಕ ತಲೆ ಎತ್ತಿ ಅವನ ಮುಖವನ್ನೇ ನೋಡಿದರು. "ನೀನು ನಮ್ಮ ಸುಂದರನ ಮಗ ಪ್ರಜ್ವಲ್ ಅಲ್ವಾ? ಸಣ್ಣವನಿದ್ದಾಗ ಕ್ರಿಶ್ಚಿಯನ್ ಬಾಯಮ್ಮನವರ ಮಕ್ಕಳೊಟ್ಟಿಗೆ ಸೇರಿ, ನನ್ನ ಅಂಗಳದ ಹೂವೆಲ್ಲ ಬೋಳಿಸಿ ಮಾತೆಗೆ ಹಾಕ್ಲಿಕ್ಕೆ ಹೋಗ್ತಿದ್ದವ. ಹೂ ಹಾಕಿದ ಮೇಲೆ ಚರ್ಚಲ್ಲಿ ಕಬ್ಬು ಸಿಗ್ತದೆ ಅಂತ ಕುಣಿಯುತ್ತಿದ್ದಿ. ನಿನ್ನನ್ನು ಒಂದು ದಿನ ಯಾರಾದ್ರೂ ಕಳ್ಳ ಹೇಳಿದ್ದುಂಟಾ?"

ಪ್ರಜ್ವಲ್ ಹೆಲ್ಮೆಟ್ ಕೆಳಗಿಳಿಸಿದ. ಹಿಂದಿದ್ದ ಒಂದಿಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಒಬ್ಬ ಆಟೋದವನು ಮುಂದೆ ಬಂದು, "ನೀರು ಕೊಡಿ ಯಾರಾದ್ರೂ" ಎಂದ. ಅಷ್ಟು ಹೊತ್ತಿಗೆ ಪೊಲೀಸರ ಗಾಡಿಯೂ ಬಂತು. ನಾನು ಸರೋಜಕ್ಕನ ಪಕ್ಕದಲ್ಲಿ ಕುಳಿತೆ. ಅವರು ನನ್ನ ಮುಖ ನೋಡದೆಯೇ, "ಬೈರಾಸು ಹಿಡಿ, ಹಣೆಗೆ ಒತ್ತು" ಎಂದರು. ನಮ್ಮಿಬ್ಬರ ರಾಜಿ ಅಷ್ಟರಲ್ಲೇ ಮುಗಿಯಿತು.

ಅವರ ಮಗನ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಥಾಂಗ್ ಎರಡು ಸಲ ವಾಂತಿ ಮಾಡಿದ, ಆಮೇಲೆ ಕರೆದರೆ ಓಗೊಡಲಿಲ್ಲ. ಡಾಕ್ಟರು ಸ್ಕ್ಯಾನ್ ಮಾಡಿಸಿ, "ತಲೆಯೊಳಗೆ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ. ನೋಡಬೇಕು, ಈಗಲೇ ಏನೂ ಹೇಳಲಿಕ್ಕಾಗುವುದಿಲ್ಲ" ಎಂದು ಐಸಿಯುಗೆ ಹಾಕಿದರು. ಕಿಮ್ ದಕ್ಕೆಯಿಂದ ಸಿಟಿ ಬಸ್ಸಿನಲ್ಲಿ ಬಂದಳು. ಅವಳ ಬಟ್ಟೆಯಲ್ಲಿ ಮೀನಿನ ವಾಸನೆ ಹಾಗೇ ಇತ್ತು. ಅಳಲಿಲ್ಲ, ಯಾರು ಹೊಡೆದರೆಂದು ಕೇಳಲಿಲ್ಲ. ನನ್ನ ಕಡೆ ನೋಡಿ ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: "ಇಲ್ಲಿಯೂ ಹೀಗೆಯಾ, ಆಂಟಿ?"

ಅವಳ ಕೈ ಹಿಡಿದು ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕುಳಿತೆ. ಆ ದಿನಗಳಲ್ಲಿ ನನ್ನ ಜಪಸರ ನನ್ನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ನನ್ನ ಕೈಗೆ ಹೋಗುತ್ತಿತ್ತು. ಅವಳಿಗೆ ಜಪಸರ ಹೇಳಲು ಬಾರದು; ಸುಮ್ಮನೆ ಹಿಡಿದುಕೊಂಡಿರುತ್ತಿದ್ದಳು. ನಾನು ದೇವರೊಂದಿಗೆ ಜಗಳವನ್ನೇ ಮಾಡಿದೆ. ಒಂದು ಬೆಂಕಿಯಿಂದ ತಪ್ಪಿಸಿ ತಂದದ್ದು ಇನ್ನೊಂದಕ್ಕೆ ಹಾಕಲಿಕ್ಕಾ ಎಂದು ಕೇಳಿದೆ. ಸರೋಜಕ್ಕ ಮನೆಯಿಂದ ಗಂಜಿ, ಚಟ್ನಿ ಕಳುಹಿಸುತ್ತಿದ್ದರು. ತಮ್ಮ ಮನೆಯ ದೈವಕ್ಕೂ ಹೇಳಿಕೊಂಡಿದ್ದೇನೆಂದು ಫೋನಿನಲ್ಲಿ ಹೇಳಿದರು. ನಾನು ಬೇಡವೆನ್ನಲಿಲ್ಲ.

ಹಬ್ಬ ಹತ್ತಿರ ಬರುವಾಗ ಒಂದು ಬೆಳಿಗ್ಗೆ ನರ್ಸ್ ಹೊರಗೆ ಬಂದು, "ನಿಮ್ಮವರು ನೀರು ಕೇಳ್ತಿದ್ದಾರೆ" ಎಂದಳು. ನಾನು ಅಲ್ಲೇ ಗಳಗಳನೆ ಅತ್ತುಬಿಟ್ಟೆ. ರಕ್ತ ತಾನಾಗಿಯೇ ಕರಗುತ್ತಿದೆ, ಆಪರೇಷನ್ ಬೇಡ ಎಂದರು ಡಾಕ್ಟರು.

ಥಾಂಗ್ ಹಬ್ಬದ ಮುನ್ನಾದಿನ ಮನೆಗೆ ಬಂದ. ತಲೆಗೆ ಪಟ್ಟಿ. ಬಂದವನೇ ಚೀಲಕ್ಕೆ ಬಟ್ಟೆ ತುಂಬಲು ಶುರು ಮಾಡಿದ. "ಹೋಗ್ತೇವೆ ಆಂಟಿ. ನಿಮಗೂ ನಮ್ಮಿಂದ ತೊಂದರೆ" ಎಂದ. ಎಲ್ಲಿಗೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಇರು ಎಂದು ಹೇಳಲು ನನಗೆ ಯಾವ ಧೈರ್ಯ? ಬದುಕಿದ ಮನುಷ್ಯನನ್ನು ಮತ್ತೆ ಕಳೆದುಕೊಳ್ಳುವ ಹಾಗಾಯಿತಲ್ಲ ಎಂದು ಆ ದಿನವಿಡೀ ಸಂಕಟಪಟ್ಟೆ.

ಹಬ್ಬದ ಬೆಳಿಗ್ಗೆ ಅಶ್ವಿನಿ ನಮ್ಮ ಗೇಟು ತೆರೆದು ಬಂದಳು, ತನ್ವಿಯನ್ನು ಕರೆದುಕೊಂಡು. ನಾನು ಬೈಯಲು ತಯಾರಾಗಿಯೇ ಇದ್ದೆ. ಸ್ವರ ವಾಪಸು ಬಂದಿತ್ತು. ಅವಳು ನನ್ನನ್ನು ದಾಟಿ ಸೀದಾ ಔಟ್‌ಹೌಸಿನ ಮೆಟ್ಟಿಲಿಗೆ ಹೋದಳು. ಅತ್ತು ಅತ್ತು ಅವಳ ಮುಖ ಊದಿತ್ತು. ಹಿಂದಿಯಲ್ಲಿ, "ಅಣ್ಣ, ನಾನು ಕ್ಷಮೆ ಕೇಳ್ಲಿಕ್ಕೆ ಬಂದದ್ದು. ಅದು ನಿಮಗೆ ಸಾಕಾಗುವುದಿಲ್ಲ, ಗೊತ್ತುಂಟು. ಇವಳನ್ನು ಇವತ್ತು ಹೂ ಹಾಕ್ಲಿಕ್ಕೆ ನೀವೇ ಕರ್ಕೊಂಡು ಹೋಗ್ಬೇಕು. ನಾನು ಬರುವುದಿಲ್ಲ. ನಿಮ್ಮೊಟ್ಟಿಗೇ ಕಳಿಸ್ತೇನೆ" ಎಂದಳು.

ಥಾಂಗ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆ ಮಗುವನ್ನು ಮುಟ್ಟಲು ಅವನಿಗೆ ಅಷ್ಟು ಭಯ. ಕಿಮ್ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಕೊನೆಗೆ ಅವನು ಚಪ್ಪಲಿ ಮೆಟ್ಟಿಕೊಂಡ.

ನಾನು ಹಿಂದಿನಿಂದ ಹೋದೆ. ಅದೇ ಬಸ್ ಸ್ಟಾಪು. ಜನ ನೋಡುತ್ತಿದ್ದರು. ಪ್ರಜ್ವಲ್ ಬೈಕಿನ ಮೇಲೆ ಕುಳಿತಿದ್ದವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ; ಹಲ್ಲು ಕಚ್ಚಿಕೊಂಡೇ ಅವನಿಗಾಗಿ ಪ್ರಾರ್ಥಿಸುತ್ತೇನೆ. ರಸ್ತೆ ದಾಟಬೇಕು ಎನ್ನುವಾಗ ಮೂಡಬಿದಿರೆ ಕಡೆಯಿಂದ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ಥಾಂಗ್ ಯೋಚಿಸಲಿಲ್ಲ. ಒಂದು ತೋಳಲ್ಲಿ ತನ್ನ ಮಗಳನ್ನೂ ಇನ್ನೊಂದರಲ್ಲಿ ತನ್ವಿಯನ್ನೂ ಎತ್ತಿಕೊಂಡ. ಬಸ್ಸು ಹೋದ ಮೇಲೆ ಎಲ್ಲರ ಕಣ್ಣೆದುರು ಹಾಗೆಯೇ ರಸ್ತೆ ದಾಟಿ, ಇಳಿಸದೆ, ಚರ್ಚಿನ ತನಕ ಹೊತ್ತುಕೊಂಡು ನಡೆದ.

ಅವರು ಎಲ್ಲಿಗೂ ಹೋಗಲಿಲ್ಲ. ಈಗಲೂ ನಮ್ಮ ಹಿತ್ತಿಲಲ್ಲೇ ಇದ್ದಾರೆ. ಬಂಧುಗಳೇ, ನಾನು ಆ ಕಂಬ ಹಿಡಿದು ನಿಂತು ಥಾಂಗ್‌ನ ಜೀವವೊಂದನ್ನೇ ಕೇಳಿದ್ದೆ. ನನ್ನ ತಂದೆಯಾದ ದೇವರು ಅವನ ತೋಳಿಗೆ ನೆರೆಮನೆಯ ಮಗುವನ್ನೂ ಕೊಟ್ಟರು. ಅವರಿಗೆ ನಾನು ಇನ್ನೆಂಥ ಸ್ತೋತ್ರ ಹೇಳಲಿ?